ಮದ್ದಿನ ಮನೆಯ ಫ್ಲಾಪಿಗಳು

೯ ಏಪ್ರಿಲ್ ೧೯೮೮, ಶನಿವಾರ

ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು. ಒಳಗೆ ನಾನು ಸ್ವೆಟರ್ ಹಾಕಿಕೊಂಡು ಕೂತಿದ್ದೆ. ವಾಡಿಯ ಸುತ್ತಮುತ್ತ ಏಪ್ರಿಲ್ ತಿಂಗಳಲ್ಲಿ ಸ್ವೆಟರ್ ಬೇಕಾಗುವ ಮನುಷ್ಯ ನಾನೊಬ್ಬನೇ ಇರಬೇಕು. ಯಾರ ಮುಂದೆಯೂ ಹೇಳಿಕೊಳ್ಳುವಂತಿಲ್ಲ, ದೃಷ್ಟಿಯಾಗುತ್ತದೆ. ಅದಕ್ಕೇ ಇಲ್ಲಿ ಬರೆದುಕೊಳ್ಳುತ್ತೇನೆ: ಕುರಕುಂಟಾದ ಚಂದ್ರಾಮ, ಸಿಮೆಂಟು ಕಾರ್ಖಾನೆಯ ಕ್ರಷರಿನಲ್ಲಿ ಒಂಬತ್ತು ವರ್ಷ ಕಲ್ಲಿನ ಧೂಳು ನುಂಗಿ ಕೆಮ್ಮಿದವನು, ಜನವರಿಯಿಂದ ಕಂಪ್ಯೂಟರ್ ರೂಮಿನ ಇನ್‌ಚಾರ್ಜ್. ಕೆಮ್ಮು ಹೋಗಿದೆ. ಜನ ನನ್ನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ಇಷ್ಟು ಮರ್ಯಾದೆ ನಮ್ಮಪ್ಪನಿಗೂ ಸಿಕ್ಕಿರಲಿಲ್ಲ.

ಇವತ್ತು ಕಾಪಿ ತೆಗೆಯುವ ದಿನ. ಕಾರ್ಖಾನೆಯ ಎಲ್ಲ ಕಾರ್ಮಿಕರ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಕೆಲಸಕ್ಕೆ ಸೇರಿದ ದಿನ ಎಲ್ಲವೂ ಈಗ ಈ ಒಂದು ಯಂತ್ರದ ಹೊಟ್ಟೆಯಲ್ಲಿದೆ. ನಾಳೆ ಅದರ ಹೊಟ್ಟೆ ಕೆಟ್ಟರೆ ಗತಿ ಏನು? ಅದಕ್ಕೆ ತಿಂಗಳಿಗೊಮ್ಮೆ ಎಲ್ಲವನ್ನೂ ಹದಿನೆಂಟು ಫ್ಲಾಪಿಗಳಿಗೆ ಇಳಿಸಿ ಬೇರೆ ಕಡೆ ಇಡಬೇಕು. ಫೆಬ್ರವರಿಯಲ್ಲಿ ನಾನು ಭಾವಮೈದುನನ ಮದುವೆಗೆಂದು ಚಂದಾಪುರಕ್ಕೆ ಹೋದಾಗ ಟೈಪಿಂಗ್ ಮಾಡುವ ಬಷೀರಾ ಈ ಕೆಲಸ ಮಾಡಿದಳು. ಯಂತ್ರ ‘ಈಗ ಎರಡನೆಯದು ಹಾಕು, ಈಗ ಮೂರನೆಯದು ಹಾಕು’ ಎಂದು ಕೇಳಿದಂತೆಲ್ಲ ಒಂದೊಂದೇ ಬದಲಿಸುತ್ತ ಅರ್ಧ ದಿನ ಕಳೆದಳಂತೆ. ಹೊಸ ಹುಡುಗಿ, ಪಾಪ. ನಾನು ಮೊದಲನೆಯದನ್ನು ಹಾಕುತ್ತೇನೆ, ಯಂತ್ರ ಕೇಳಿದಾಗಲೆಲ್ಲ ಗುಂಡಿ ಒತ್ತುತ್ತೇನೆ, ಚಹಾ ಬರುವುದರೊಳಗೆ ಕೆಲಸ ಮುಗಿದಿರುತ್ತದೆ. ಕೇಳಿದಾಗಲೆಲ್ಲ ಕೊಟ್ಟರೆ ಮಕ್ಕಳೂ ಕೆಡುತ್ತವೆ, ಯಂತ್ರವೂ ಕೆಡುತ್ತದೆ. ಯಂತ್ರ ಕೂಡಿಸಲು ಬಂದ ಹೈದರಾಬಾದಿನ ಎಂಜಿನಿಯರ್ ಸ್ಪಷ್ಟವಾಗಿ ಹೇಳಿದ್ದಾನೆ, ಧೂಳೇ ಫ್ಲಾಪಿಯ ಶತ್ರು, ಸುಮ್ಮಸುಮ್ಮನೆ ಕವರಿನಿಂದ ಹೊರಗೆ ತೆಗೆಯಬೇಡಿ ಎಂದು. ನನ್ನ ಉಳಿದ ಹದಿನೇಳು ಫ್ಲಾಪಿಗಳು ಕವರು ಬಿಟ್ಟು ಹೊರಗೆ ಬಂದೇ ಇಲ್ಲ. ಪ್ರತಿಯೊಂದರ ಮೇಲೂ ನನ್ನ ಅಕ್ಷರದಲ್ಲಿ ನಂಬರು, ತಾರೀಖು. ಡಬ್ಬಕ್ಕೆ ಅರಗಿನ ಸೀಲು. ನೋಡಿದರೆ ಕೈ ಮುಗಿಯಬೇಕು.

ಈ ಡಬ್ಬವನ್ನು ಇಡುವುದು ಖಣಿಯ ಹತ್ತಿರದ ಮದ್ದಿನ ಮನೆಯಲ್ಲಿ. ಕಲ್ಲು ಸಿಡಿಸುವ ಮದ್ದು, ಕೇಪು ಎಲ್ಲ ಇರುವ ಜಾಗ. ನಮ್ಮ ಮ್ಯಾನೇಜರ್ ಬಸವಂತರಾಯರ ಆಜ್ಞೆ. “ಕಾರ್ಖಾನ್ಯಾಗ ಅದರಷ್ಟು ಭದ್ರ ಜಾಗ ಎಲ್ಲದ? ಅಲ್ಲಿ ಕಳ್ಳ ಹೋಗಂಗಿಲ್ಲ, ನಾಯಿ ಹೋಗಂಗಿಲ್ಲ, ನಾನೂ ಹೋಗಂಗಿಲ್ಲ” ಎಂದರು. ಅದು ನಿಜವೇ. ಆದರೆ ಅಲ್ಲಿ ಆ ಮಜೀದಸಾಬ ಇದ್ದಾನೆ.

ಮದ್ದಿನ ಮನೆಯ ಲೈಸೆನ್ಸ್‌ದಾರ. ಜನವರಿಯಲ್ಲಿ ಕಂಪ್ಯೂಟರ್ ನೋಡಲು ಬಂದಾಗ ನಾನು ಬೂಟು ಬಿಚ್ಚಿಸಿದೆ. ಕಾಲುಚೀಲದಲ್ಲಿ ದೊಡ್ಡ ತೂತಿತ್ತು, ಹೆಬ್ಬೆರಳು ಹೊರಗೆ ಬಂದು ಎಲ್ಲರನ್ನೂ ನೋಡಿತು. ಬಷೀರಾ ನಕ್ಕುಬಿಟ್ಟಳು. ಅಂದಿನಿಂದ ನಾನು ಡಬ್ಬ ಒಯ್ದಾಗಲೆಲ್ಲ ಸೇಡು. ಇವತ್ತೂ ಬಾಗಿಲಲ್ಲೇ ನಿಲ್ಲಿಸಿದ. “ಕಂಪ್ಯೂಟರ್ ಸಾಹೇಬ್ರ, ಕಾಯ್ದೆ ಅಂದ್ರ ಕಾಯ್ದೆ. ಕಬ್ಬಿಣ ಒಳಗ ಬರಂಗಿಲ್ಲ. ಬೂಟು ತೆಗೀರಿ. ಕೀಲಿ ಇಡ್ರಿ. ಪೆನ್ನು ಇಡ್ರಿ. ಬೆಲ್ಟಿಗೆ ಬಕಲ್ ಅದ ಅಲ್ಲ, ಅದೂ ಬಿಚ್ರಿ.” ಒಂದು ಕೈಯಲ್ಲಿ ಡಬ್ಬ, ಇನ್ನೊಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಒಳಗೆ ಹೋಗಿ ಬಂದೆ.

ಇರಲಿ. ಅವನ ಹುಟ್ಟಿದ ತಾರೀಖು ನನ್ನ ಯಂತ್ರದಲ್ಲಿದೆ. ಮೇ ಮೂವತ್ತೊಂದಕ್ಕೆ ಐವತ್ತೆಂಟು ತುಂಬುತ್ತದೆ, ದರ್ಬಾರು ಮುಗಿಯುತ್ತದೆ. ನಿವೃತ್ತಿಯ ಪತ್ರ ಹೋಗುವುದು ಮೇ ಹದಿನೈದರ ನಂತರ. ಸದ್ಯಕ್ಕೆ ಇದು ನನಗೂ ಯಂತ್ರಕ್ಕೂ ಮಾತ್ರ ಗೊತ್ತು.

೧೯ ಏಪ್ರಿಲ್, ಮಂಗಳವಾರ

ರಂಜಾನ್ ಉಪವಾಸ ಶುರುವಾಗಿದೆ. ಮಧ್ಯಾಹ್ನ ಮಜೀದಸಾಬ ಬಂದು ಬಾಗಿಲ ಹೊರಗೇ ಬೂಟು ಬಿಚ್ಚಿ ನಿಂತ. ಹೊಸ ಕಾಲುಚೀಲ. “ನಮಾಜ್ ಆಯ್ತು. ಮದ್ದಿನ ಮನ್ಯಾಗ ತಗಡು ಕಾಯ್ದು ಕುಂದ್ರಾಕ ಆಗವಲ್ದು. ಜರಾ ಹೊತ್ತು ಒಂದು ಮೂಲ್ಯಾಗ ಕುಂತು ಹೋಗ್ತೀನಿ” ಎಂದ. ನಾನು ಬೋರ್ಡು ತೋರಿಸಿದೆ: ಸಂಬಂಧವಿಲ್ಲದವರಿಗೆ ಪ್ರವೇಶವಿಲ್ಲ. ಕಾಯ್ದೆ ಅಂದರೆ ಕಾಯ್ದೆ.

ಮನೆಗೆ ಬಂದು ಮಾಣಿಕಮ್ಮನಿಗೆ ಹೇಳಿದೆ, ನಗುತ್ತಾಳೆ ಅಂದುಕೊಂಡಿದ್ದೆ. “ಉಪಾಸ ಇದ್ದ ಮನಷ್ಯಾಗ ಒಂದು ಕುರ್ಚಿ ಕೊಟ್ಟಿದ್ರ ನಿಮ್ಮ ಗಂಟೇನು ಹೋಗ್ತಿತ್ತ್ರಿ?” ಎಂದಳು. ನನ್ನ ಹೆಂಡತಿಗೆ ಕಂಪ್ಯೂಟರ್ ಎಂದರೆ ಏನೆಂದು ತಿಳಿಯದು.

೨೭ ಏಪ್ರಿಲ್, ಬುಧವಾರ

ಬಸವಂತರಾಯರು ಕರೆಸಿದರು. ಬೇರೆ ಯಾವುದೋ ಊರಿನ ಕಾರ್ಖಾನೆಯಲ್ಲಿ ಯಂತ್ರ ಕೆಟ್ಟಿತಂತೆ. ಕಾಪಿ ಇದೆ ಎಂದು ಎಲ್ಲರೂ ಆರಾಮವಾಗಿದ್ದರಂತೆ. ಕಾಪಿಯಿಂದ ವಾಪಸು ತರಲು ಹೋದರೆ ಏನೂ ಬರಲಿಲ್ಲವಂತೆ. ಹೆಡ್ ಆಫೀಸಿನವರಿಗೆ ಈಗ ನಿದ್ದೆಯಿಲ್ಲ. ಮೇ ಹದಿನಾರಕ್ಕೆ ಒಬ್ಬ ಎಂಜಿನಿಯರ್ ಬರುತ್ತಾನೆ. ನಮ್ಮ ಕಾಪಿಯಿಂದ ಎಲ್ಲ ಹೆಸರು ತಿರುಗಿ ಬರುತ್ತವೆ ಎಂದು ಅವನ ಕಣ್ಣೆದುರು ಮಾಡಿ ತೋರಿಸಬೇಕು.

“ನಿಮ್ಮ ಕಾಪಿ ಬರೋಬರಿ ಅದ ಅಲ್ಲೇನು?”

“ಸೀಲ್ ಹಾಕೀನ್ರಿ ಸಾಹೇಬ್ರ.”

“ಬರಲಿಲ್ಲ ಅಂದ್ರ ನೋಡ್ರಿ, ಆ ಎ.ಸಿ. ಬಿಚ್ಚಿ ನನ್ನ ರೂಮಿಗೆ ಹಾಕಿಸ್ಕೋತೀನಿ. ನೀವು ನಿಮ್ಮ ಕ್ರಷರಿಗೆ ಹೋಗ್ತೀರಿ.”

ಅವರು ನಗುತ್ತಲೇ ಹೇಳಿದರು, ಆದರೆ ನೋಟ ಎ.ಸಿ. ಕಡೆಗಿತ್ತು. ನನಗೆ ಅಲ್ಲಿಯೇ ಒಮ್ಮೆ ಕೆಮ್ಮು ಬಂತು.

೨೮ ಏಪ್ರಿಲ್, ಗುರುವಾರ

ಎಂಜಿನಿಯರ್ ಬರುವ ಮೊದಲೇ ಒಮ್ಮೆ ಪರೀಕ್ಷಿಸೋಣವೆಂದು ಡಬ್ಬ ಕೇಳಲು ಹೋದರೆ ಮಜೀದಸಾಬ ಕೊಡುವುದಿಲ್ಲ ಎನ್ನುತ್ತಾನೆ!

“ಹ್ಯಾಂಗ ಕೊಡಾಕ ಬರ್ತದ್ರಿ? ಒಳಗ ಬಂದ ಮಾಲು ಹೊರಗ ಹೋಗೂದು ಕಲ್ಲು ಹಾರಸಾಕ ಮಾತ್ರ. ಬ್ಲಾಸ್ಟಿಂಗ್ ಚೀಟಿ ತರ್ರಿ. ಯಾವ ಖಣಿ, ಎಷ್ಟು ತೂತು, ಯಾವ ಹೊತ್ತಿಗೆ ಹಾರಸ್ತೀರಿ, ಫೋರ್ಮನ್ ಸಹಿ.”

“ಚಾಚಾ, ಇವು ಮದ್ದಲ್ಲ, ಫ್ಲಾಪಿ!”

“ನೀವು ಇಡುವಾಗ ಮದ್ದಿನ ಲೆಕ್ಕದಾಗ ಇಟ್ಟೀರಿ. ನನ್ನ ಹತ್ರ ಬ್ಯಾರೆ ಲೆಕ್ಕ ಇಲ್ಲ.” ಆಮೇಲೆ ಗಡ್ಡ ತುರಿಸಿಕೊಂಡು ಕೇಳಿದ, “ಪ್ರತಿ ಪೆಟಿಗ್ಯಾಗಿಂದ ಒಂದರ ಹಾರಿಸಿ ನೋಡಿದ ಮ್ಯಾಲೆ ನಾ ಮಾಲು ಒಳಗ ಇಟ್ಕೋತೀನಿ. ನೀವು ಒಂದರ ಹಾರಿಸಿ ನೋಡೀರೇನು?”

ಫ್ಲಾಪಿ ಹಾರುವುದಿಲ್ಲ ಎಂದು ವಿವರಿಸಿದೆ. ಅವನು ನನ್ನನ್ನು ಕನಿಕರದಿಂದ ನೋಡಿದ. ಹಾಗಾದರೆ ಜನವರಿ, ಫೆಬ್ರವರಿಯ ಹಳೆಯ ಡಬ್ಬಗಳನ್ನಾದರೂ ಕೊಡು ಎಂದೆ (ಮಾರ್ಚಿನಲ್ಲಿ ಹೊಸ ಫ್ಲಾಪಿ ಬರದೆ ಕಾಪಿಯೇ ಆಗಿರಲಿಲ್ಲ). “ಅವಧಿ ಮುಗಿದ ಮಾಲು ಇಡಂಗಿಲ್ಲರಿ. ಕುಣಿ ತೋಡಿ ಸುಟ್ಟೀವಿ ಅಂತ ಬರದೀನಿ” ಎಂದ. ಸುಟ್ಟಿದ್ದಾನೆ! ಕಂಪನಿಯ ಫ್ಲಾಪಿಗಳನ್ನು, ಹಳೆಯ ಕೇಪುಗಳ ಜೊತೆ! ಬೈಯಲು ಬಾಯಿ ತೆರೆದೆ. ಆದರೆ ಬೆಲ್ಟಿಲ್ಲದ ಮನುಷ್ಯ ಗಟ್ಟಿಯಾಗಿ ಬೈಯುವುದು ಕಷ್ಟ.

೩೦ ಏಪ್ರಿಲ್, ಶನಿವಾರ

ಚೀಟಿ ಬರೆದೆ. ಖಣಿ ನಂಬರ್ ಮೂರು, ತೂತು ಹದಿನೆಂಟು. ಫೋರ್ಮನ್ ಓದದೇ ಸಹಿ ಹಾಕಿದ. ಮಜೀದಸಾಬ ಓದಿ, ಸಮಾಧಾನಪಟ್ಟು, ಡಬ್ಬ ಕೊಟ್ಟ. ಅಲ್ಲಿಗೆ ಮುಗಿಯಲಿಲ್ಲ. ಮದ್ದಿನ ಮನೆಯಿಂದ ಹೊರಟ ಮಾಲಿನ ಮುಂದೆ ಕೆಂಪು ಬಾವುಟದವನು ನಡೆಯಲೇಬೇಕಂತೆ. ಮುಂದೆ ಸೀಟಿ ಊದುತ್ತ ಮದ್ದಿನ ಮನೆಯ ಸಹಾಯಕ ದಶರಥ, ಹಿಂದೆ ತಲೆಯ ಮೇಲೆ ಡಬ್ಬ ಹೊತ್ತ ನಾನು. ಕ್ಯಾಂಟೀನಿನ ಮುಂದೆ ಬಂದಾಗ ಊಟಕ್ಕೆ ಕೂತವರೆಲ್ಲ ತಟ್ಟೆ ಬಿಟ್ಟು ಓಡಿದರು. ಬಸವಂತರಾಯರು ಮೇಜಿನ ಕೆಳಗಿನಿಂದ “ಏನದು?” ಎಂದು ಕೇಳಿದರು.

೨ ಮೇ, ಸೋಮವಾರ

ಇವತ್ತಿನದನ್ನು ಬರೆಯಬಾರದು ಎಂದುಕೊಂಡಿದ್ದೆ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಪರೀಕ್ಷೆಗೆ ಕೂತೆವು. ಬಷೀರಾ, “ಸರ್, ಮೊದಲ ಇನ್ನೊಂದು ಕಾಪಿ ತಗೊಂಡು ಆಮ್ಯಾಗ ನೋಡೋಣೇನ್ರಿ?” ಎಂದಳು. “ಸೀಲ್ ಹಾಕಿದ ಕಾಪಿ ಕೈಯಾಗದ, ಕಾಪಿಗೆ ಮತ್ತ ಕಾಪಿಯೇನು” ಎಂದೆ. ಯಂತ್ರದೊಳಗೆ ಅಸಲು ಇರುವಾಗ ನಕಲು ಬಂತೋ ಇಲ್ಲವೋ ಹೇಗೆ ತಿಳಿಯುತ್ತದೆ? ಪಾತ್ರೆ ತುಂಬಬೇಕಾದರೆ ಮೊದಲು ಖಾಲಿ ಮಾಡಬೇಕು. ಈ ತರ್ಕ ನನಗೆ ಬೆಳಿಗ್ಗೆ ಬಹಳ ಚೆನ್ನಾಗಿ ಕಂಡಿತು. ಯಂತ್ರ ‘ಎಲ್ಲ ಅಳಿಸಲೇ? ಖಂಡಿತವೇ?’ ಎಂದು ಕೇಳಿತು. ಕೇಳುವುದು ಅದರ ಚಾಳಿ. ಗುಂಡಿ ಒತ್ತಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಆಮೇಲೆ ಸೀಲು ಒಡೆದು ಮೊದಲನೆಯ ಫ್ಲಾಪಿ ಹಾಕಿದೆ, ಯಂತ್ರ ಒಪ್ಪಲಿಲ್ಲ. ಎರಡನೆಯದು ಹಾಕಿದೆ. ಖಾಲಿ. ಮೂರನೆಯದು ಖಾಲಿ. ಹದಿನೆಂಟರವರೆಗೂ ಖಾಲಿ, ಧೂಳಿಲ್ಲ, ಏನೂ ಇಲ್ಲ. ಮೊದಲನೆಯದರಲ್ಲಿ ಮಾತ್ರ ಏನೋ ಇತ್ತು. ಬಷೀರಾ ಬಹಳ ಹೊತ್ತು ಗುದ್ದಾಡಿ ಅದನ್ನು ಓದಿದಳು. ನಾನು ಬದಲಿಸದೇ ಗುಂಡಿ ಒತ್ತಿದಾಗಲೆಲ್ಲ ಯಂತ್ರ ಆ ಒಂದೇ ಫ್ಲಾಪಿಯ ಮೇಲೆ ಹಳೆಯದನ್ನು ಒರೆಸಿ ಹೊಸದನ್ನು ಬರೆದಿತ್ತಂತೆ. ಹೀಗಾಗಿ ಉಳಿದದ್ದು ಇಂಗ್ಲಿಷ್ ಅಕ್ಷರಮಾಲೆಯ ಕಟ್ಟಕಡೆಯ ‘ಝಡ್’ನ ಒಂದೇ ಹೆಸರು.

ಇಡೀ ಕಾರ್ಖಾನೆಯಲ್ಲಿ ಈಗ ಕೆಲಸಕ್ಕಿರುವವಳು ಕಸಗುಡಿಸುವ ಜೈತುನ್ಬೀ ಒಬ್ಬಳೇ.

೩ ಮೇ

ಜ್ವರ. ರಜೆ.

೪ ಮೇ, ಬುಧವಾರ

ಜ್ವರ ಬಿಟ್ಟಿತು, ಚಿಂತೆ ಬಿಡಲಿಲ್ಲ. ಮನೆಯಲ್ಲಿ ಕೂತು ನಮ್ಮ ಬದಲಿ ವ್ಯವಸ್ಥೆಗಳನ್ನೆಲ್ಲ ಪರೀಕ್ಷಿಸಿದೆ. ಪಕ್ಕದ ಅಮೀರ್ಬೀ ಅವರ ಮನೆಯಲ್ಲಿ ಇಟ್ಟಿದ್ದ ನಮ್ಮ ಇನ್ನೊಂದು ಕೀಲಿ ತರಿಸಿ ಹಾಕಿ ನೋಡಿದೆ. ಅದು ಅವರ ಟ್ರಂಕಿನ ಕೀಲಿ. ಕರೆಂಟು ಹೋದಾಗ ಇರಲಿ ಎಂದಿಟ್ಟ ಎರಡನೆಯ ಕಂದೀಲಿಗೆ ಬತ್ತಿಯೇ ಇಲ್ಲ. ಉಪ್ಪಿನಕಾಯಿಯ ಎರಡನೆಯ ಭರಣಿಯ ಬಟ್ಟೆ ಬಿಚ್ಚಹೋದಾಗ ಮಾಣಿಕಮ್ಮ ಕೈಗೆ ಹೊಡೆದಳು. “ಅದು ಬರೋಬರಿ ಅದ. ನಾ ದೀಪಾವಳಿಗೆ ರುಚಿ ನೋಡೇ ಮುಚ್ಚೀನಿ. ಏನಾಗ್ಯದ ನಿಮಗ, ಖರೇ ಹೇಳ್ರಿ.”

ಹೇಳಿದೆ. ಎಲ್ಲ ಹೇಳಿದೆ. ಅವಳು ನಗಲಿಲ್ಲ. “ಯಾರಿಗರ ತಿಳಿಸೀರೇನು?” ಎಂದಳು. ಬಷೀರಾಳನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. “ಹಂಗಾದ್ರ ಆಕಿ ಹತ್ರಾನೇ ಉಪಾಯ ಕೇಳ್ರಿ. ಒಬ್ಬರೇ ಕುಂತು ಕೀಲಿ ಪರೀಕ್ಷಾ ಮಾಡಿದ್ರ ಹೆಸರು ತಿರುಗಿ ಬರ್ತಾವೇನು?”

೫ ಮೇ, ಗುರುವಾರ

ಹಳೆಯ ರಿಜಿಸ್ಟರುಗಳು ನೆನಪಾದವು! ನಿಜಾಮರ ಕಾಲದ ಉರ್ದು ರಿಜಿಸ್ಟರು, ಆಮೇಲಿನವು, ಎಲ್ಲ. ಎ.ಸಿ. ಹಾಕಿಸುವಾಗ ಇದೇ ರೂಮಿನಿಂದ ತೆಗೆದು ಪ್ಯಾಕಿಂಗ್ ಶೆಡ್ಡಿನ ಹಿಂದೆ ಒಟ್ಟಿದ್ದೆವು. ನಾನೂ ಬಷೀರಾಳೂ ಓಡಿದೆವು. ಅವು ಇದ್ದವು. ಆದರೆ ತಿಂಗಳುಗಟ್ಟಲೆ ಅವುಗಳ ಮೇಲೆ ಸಿಮೆಂಟಿನ ಧೂಳು ಬಿದ್ದಿದೆ, ನಡುವೆ ಒಮ್ಮೆ ಅಡ್ಡಮಳೆಯೂ ಬಿದ್ದಿದೆ. ನಮ್ಮ ಸಿಮೆಂಟಿನ ಗುಣಮಟ್ಟಕ್ಕೆ ಹೆಮ್ಮೆಪಡಬೇಕು. ಎಲ್ಲ ಸೇರಿ ಒಂದೇ ಬಂಡೆಯಾಗಿದೆ. ಸುತ್ತಿಗೆಯಿಂದ ಹೊಡೆದರೆ ಸುತ್ತಿಗೆ ಪುಟಿಯಿತು.

ಮಜೀದಸಾಬ ಅದೇ ದಾರಿಯಲ್ಲಿ ಹೋಗುತ್ತಿದ್ದವನು ನಿಂತು ನೋಡಿ, “ಹೇಳ್ರಿ, ಒಂದು ತೂತು ಕೊರದು ಬಿಚ್ಚಿ ಕೊಡ್ತೀನಿ” ಎಂದ. ತಮಾಷೆ ಅಲ್ಲ, ಅವನು ತಮಾಷೆ ಮಾಡುವವನಲ್ಲ. ನನಗೆ ಅಳು ಬಂತು. ಬಂಡೆಯ ಮೇಲೆ ಕೂತು ನಡೆದದ್ದನ್ನೆಲ್ಲ ಅವನಿಗೂ ಹೇಳಿಬಿಟ್ಟೆ. ಅವನು ನಗುತ್ತಾನೆ, ಊರಿಗೆಲ್ಲ ಸಾರುತ್ತಾನೆ ಅಂದುಕೊಂಡೆ. ಸುಮ್ಮನೆ ಕೇಳಿಸಿಕೊಂಡ. “ಎಲ್ಲಾರ ಹೆಸರೂ ಹೋದುವೇನು? ಹುಟ್ಟಿದ ತಾರೀಖು ಸೈತ?” ಎಂದಷ್ಟೇ ಕೇಳಿ, ತಲೆ ಬಗ್ಗಿಸಿಕೊಂಡು ಹೋದ.

ಬಷೀರಾ ಸಂಜೆಯ ಹೊತ್ತಿಗೆ ಹೇಳಿದಳು, “ಸರ್, ರಿಜಿಸ್ಟರ್ ಇಲ್ಲ, ಫ್ಲಾಪಿ ಇಲ್ಲ. ಮಂದಿ ಅದಾರಲ್ರಿ. ಅವರನ್ನೇ ಕೇಳೋಣ.”

೭ ಮೇ, ಶನಿವಾರ

ಬಸವಂತರಾಯರಿಗೆ ‘ಖುದ್ದು ಪರಿಶೀಲನೆ’ ಎಂದು ಹೇಳಿದ್ದೇನೆ. ಹೆಸರು ಕೇಳಿಯೇ ಮೆಚ್ಚಿದರು. ಇಂದಿನಿಂದ ಎಲ್ಲ ಕಾರ್ಮಿಕರೂ ಒಬ್ಬೊಬ್ಬರಾಗಿ ಬಂದು ತಮ್ಮ ವಿವರ ಹೇಳಬೇಕು. ನಾನು ಕೇಳುತ್ತೇನೆ, ಬಷೀರಾ ಟೈಪು ಮಾಡುತ್ತಾಳೆ.

ಬಾಗಿಲ ಹೊರಗೆ ಚಪ್ಪಲಿಗಳ ಗುಡ್ಡ. ಒಳಗೆ ಬಂದವರು ಎ.ಸಿ. ಗಾಳಿಗೆ ಕಣ್ಣು ಮುಚ್ಚಿ ನಿಂತುಬಿಡುತ್ತಾರೆ. ಹೊರಗೆ ಕಳಿಸುವುದೇ ಕಷ್ಟ. ಕ್ರಷರಿನ ಇಸಾಕ ಮೂರು ಸಲ ಬಂದ. ಮೊದಲು ತಂದೆಯ ಹೆಸರು ತಪ್ಪು ಹೇಳಿದ್ದನಂತೆ, ಆಮೇಲೆ ತಿದ್ದಿದ್ದೇ ತಪ್ಪಂತೆ. ಅವನ ಕೆಮ್ಮು ಕೇಳಿ ನನ್ನದೇ ನೆನಪಾಯಿತು. ಒಂದು ಸ್ಟೂಲು ಕೊಟ್ಟೆ.

೧೦ ಮೇ, ಮಂಗಳವಾರ

ಒಂದು ವಿಷಯ ಯಾರೋ ಹಬ್ಬಿಸಿದ್ದಾರೆ: ಈಗ ಹೇಳಿದ ವಯಸ್ಸೇ ಖಾಯಂ. ಅಂದಿನಿಂದ ಕಾರ್ಖಾನೆಯಲ್ಲಿ ವಯಸ್ಸಾದವರೇ ಇಲ್ಲ.

ಖಣಿಯಲ್ಲಿ ಕಲ್ಲು ಹೊರುವ ಮರೆಮ್ಮ ಬಂದಳು. ತಲೆ ಪೂರ್ತಿ ಬೆಳ್ಳಗೆ.

“ವಯಸ್ಸು?”

“ಮೂವತ್ನಾಕು ಬರ್ಕೋರಿ ಯಪ್ಪಾ.”

“ಮರೆಮ್ಮಾ, ನಿನ್ನ ಮಗ ನಿನ್ನೆ ಬಂದು ಮೂವತ್ತು ಅಂತ ಬರೆಸಿ ಹೋಗ್ಯಾನ.”

ಆಕೆ ಒಂದು ಕ್ಷಣವೂ ಅಂಜಲಿಲ್ಲ. “ಆ ಭಾಡ್ಯಾಗ ಲೆಕ್ಕ ಬರಂಗಿಲ್ಲ. ಅವಂದು ಹದಿನೆಂಟು ಮಾಡ್ರಿ.”

ರಜಾಕಾರರ ಗದ್ದಲದಲ್ಲಿ ಹೊಲ ಬಿಟ್ಟು ಓಡಿದೆ ಎಂದು ಕಥೆ ಹೇಳಿದವರೂ ಹುಟ್ಟಿದ ವರ್ಷ ಬರೆಸುವಾಗ ಐವತ್ತೆರಡು ಎನ್ನುತ್ತಾರೆ. ನಲವತ್ತೆಂಟರಲ್ಲಿ ಓಡಿ, ಐವತ್ತೆರಡರಲ್ಲಿ ಹುಟ್ಟಿದ್ದಾರೆ. ನಾನು ಬಾಯಿ ಮುಚ್ಚಿಕೊಂಡು ಬರೆಸುತ್ತಿದ್ದೇನೆ. ಬೈಯಬೇಕು ಎನಿಸುತ್ತದೆ, ಆದರೆ ಕಳ್ಳನ ಕೈಗೆ ಕೀಲಿ ಕೊಟ್ಟವನು ನಾನೇ. ಅಲ್ಲದೆ ಇಷ್ಟು ಜನರ ಮುಖವನ್ನು ನಾನು ಇದುವರೆಗೆ ನೋಡಿಯೇ ಇರಲಿಲ್ಲ. ನಂಬರುಗಳನ್ನು ಬಲ್ಲೆನಷ್ಟೇ.

೧೩ ಮೇ, ಶುಕ್ರವಾರ

ಎಲ್ಲರೂ ಬಂದು ಹೋದರು, ಮಜೀದಸಾಬರೊಬ್ಬರನ್ನು ಬಿಟ್ಟು. ನಾನೇ ಕರೆಯಲು ಹೋದೆ. ಬೆಲ್ಟು ಬಿಚ್ಚಲು ಹೇಳಲಿಲ್ಲ, ಹೊರಗೇ ಬಂದು ನಿಂತರು. ಉಪವಾಸದಿಂದ ಬಡಕಲಾಗಿದ್ದಾರೆ. ರೂಮಿಗೆ ಕರೆತಂದು ಕುರ್ಚಿಯಲ್ಲಿ ಕೂಡಿಸಿದೆ. ಬೂಟು ಬಿಚ್ಚಲು ಬಗ್ಗಿದರು, ಬೇಡ ಎಂದೆ. ಇಷ್ಟು ಚಪ್ಪಲಿಗಳ ಧೂಳು ಬಂದಾಗಿದೆ, ಎರಡು ಬೂಟಿನಿಂದ ಏನಾಗಬೇಕಿದೆ.

“ಹುಟ್ಟಿದ ತಾರೀಖು ಹೇಳ್ರಿ ಚಾಚಾ.”

ಅವರು ಜೇಬಿನಲ್ಲಿದ್ದ ಕೀಲಿಯನ್ನು ಮುಟ್ಟಿಕೊಂಡರು. “ಎಲ್ಲಾರೂ ಕಡಿಮಿ ಬರೆಸ್ಯಾರಂತ. ಖರೇ ಏನು?”

“ಖರೇ.”

“ಮದ್ದಿನ ಮನಿ ಕೀಲಿ ನನ್ನ ಕೈಯಾಗ ಬಂದು ಮೂವತ್ತೊಂದು ವರ್ಷ ಆಯ್ತು. ಆ ಕೀಲಿ ಇಲ್ಲದ ನನ್ನ ಕೈ ಹ್ಯಾಂಗ ಇರ್ತದ ಅನ್ನೂದೇ ಮರತೀನಿ. ನಮ್ಮಾಕಿ ಸುಗರಾಬಿ ಅಂತಾಳ, ನೀವು ಮನ್ಯಾಗ ಕುಂತ್ರ ದಿನಾ ನನ್ನ ಕೈಯಾಗಿನ ಬೆಂಕಿಪೆಟಿಗಿ ಕಸ್ಕೋತೀರಿ ಅಂತ.” ನಗಲು ಹೋದರು, ಆಗಲಿಲ್ಲ. “ನಾಳಿ ಹೇಳ್ತೀನಿ” ಎಂದು ಎದ್ದರು.

ಅವರ ನಿಜವಾದ ತಾರೀಖು ನನಗೆ ಗೊತ್ತು. ಹೋದ ತಿಂಗಳು ಅದನ್ನೇ ನೆನೆದು ಖುಷಿಪಟ್ಟಿದ್ದೆ ಎಂದು ಇಲ್ಲಿ ಬರೆದಿದ್ದೇನೆ. ಪುಟ ತಿರುಗಿಸಿ ನೋಡಿದೆ. ಓದಲು ಚೆನ್ನಾಗಿಲ್ಲ.

೧೫ ಮೇ, ಭಾನುವಾರ

ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಮಜೀದಸಾಬರು. ಕೈಯಲ್ಲಿ ಮಡಿ ಬಟ್ಟೆಯಲ್ಲಿ ಸುತ್ತಿದ ಎರಡು ಡಬ್ಬ. ಮಾಣಿಕಮ್ಮ “ಬರ್ರಿ ಚಾಚಾ, ಕುಂದ್ರಿ” ಎಂದಳು. ಅವರು ಕೂರಲಿಲ್ಲ.

“ಚಂದ್ರಾಮಾ, ಸುಟ್ಟೀನಿ ಅಂತ ಬರದಿದ್ದೆ. ಸುಟ್ಟಿಲ್ಲ.”

ಬಟ್ಟೆಯ ಅಂಚು ಸರಿಸಿ ನೋಡಿದೆ: ಒಂದು ಜನವರಿಯದು, ಒಂದು ಫೆಬ್ರವರಿಯದು.

“ಕುಣಿ ತೋಡಿಸಿದ್ದೆ. ಬಷೀರಾನ ಕೇಳಿದೆ, ಇದರಾಗ ಏನದವ ಅಂತ. ಎಲ್ಲಾರ ಹೆಸರು ಚಾಚಾ ಅಂದಳು. ಹ್ಯಾಂಗ ಸುಡ್ಲಿ? ಅಬ್ದುಲ್ ಗನಿ ಅಂತ ಒಬ್ಬ ಅದಾನ. ಗನಿ ಅಂದ್ರ ಯಾರು? ಅಲ್ಲಾನ ಹೆಸರು ಅದು. ಆತನ ಹೆಸರು ಇದ್ದ ಕಾಗದ ನಾವು ಬೆಂಕಿಗೆ ಹಾಕಂಗಿಲ್ಲ, ಕಾಲಾಗ ಬೀಳಗೊಡಂಗಿಲ್ಲ. ನಿಮ್ಮ ಮಂದಿದೂ ಹಂಗೇ ಅಲ್ಲ? ಬಸವ, ರಾಮ, ಚಂದ್ರಾಮ. ದೇವರ ಹೆಸರಿಲ್ಲದ ಮನಷ್ಯಾ ಈ ಕಾರ್ಖಾನ್ಯಾಗ ಯಾರದಾನ? ಮನಿಗೆ ಒಯ್ದು ಮ್ಯಾಲಿನ ಗೂಡಿನ್ಯಾಗ ಇಟ್ಟೆ. ಮೂವತ್ತೊಂದು ವರ್ಷದಾಗ ನಾ ಬರದ ಒಂದೇ ಸುಳ್ಳು ಇದು.”

“ಮತ್ತ ಇಷ್ಟು ದಿನ ಯಾಕ ಹೇಳ್ಲಿಲ್ಲ ಚಾಚಾ?”

“ಅದರಾಗ ನನ್ನ ತಾರೀಖೂ ಅದ ಅಲ್ಲ” ಎಂದರು, ನೆಲ ನೋಡುತ್ತ. “ಉಪಾಸ ಹಿಡಿದು ಕುಂತೀನಿ, ಮುಚ್ಚಿಟ್ಟೀನಿ. ರೋಜಾ ಹ್ಯಾಂಗ ಒಪ್ಪತದ? ತಗೋ.”

ನಾನೂ ಮಜೀದಸಾಬರೂ ಕಾರ್ಖಾನೆಗೆ ಹೋದೆವು, ದಾರಿಯಲ್ಲಿ ಬಷೀರಾಳನ್ನು ಕರೆದುಕೊಂಡು. ಜನವರಿಯ ಡಬ್ಬ ನನ್ನದು, ಅದರಲ್ಲಿ ಜೈತುನ್ಬೀ ಮಾತ್ರ. ಫೆಬ್ರವರಿಯದು ಬಷೀರಾಳದು. ಈ ಸಲ ಮೊದಲು ಈಗಿರುವುದರ ಕಾಪಿ ತೆಗೆದೆ, ಪ್ರತಿ ಫ್ಲಾಪಿ ಬದಲಿಸಿ, ಯಂತ್ರ ಕೇಳಿದಂತೆಲ್ಲ ಕೊಟ್ಟು. ಆಮೇಲೆ ಅವಳ ಡಬ್ಬ. ಒಂದು. ಎರಡು. ಮೂರು. ಪ್ರತಿಯೊಂದು ಫ್ಲಾಪಿ ಒಳಗೆ ಹೋದಾಗಲೂ ಮಜೀದಸಾಬರು ಕಿವಿಗೆ ಬೆರಳಿಟ್ಟುಕೊಳ್ಳುತ್ತಿದ್ದರು, ಅಭ್ಯಾಸಬಲ.

ಬಂದವು. ಎಲ್ಲ ಹೆಸರೂ ಬಂದವು. ಇಡೀ ಕಾರ್ಖಾನೆಗೆ ಒಂದೇ ಏಟಿಗೆ ವಯಸ್ಸಾಯಿತು. ಮರೆಮ್ಮ ಮೂವತ್ತನಾಲ್ಕರಿಂದ ಐವತ್ತೊಂದಕ್ಕೆ ಬಂದಳು. ನಾನು ಕುರ್ಚಿ ಬಿಟ್ಟೆದ್ದು ಕುಣಿದೆ, ಬಷೀರಾ ಚಪ್ಪಾಳೆ ತಟ್ಟಿದಳು. ಚಾಚಾ ಮಾತ್ರ ಪರದೆಯ ಹತ್ತಿರ ಬಗ್ಗಿ ಹುಡುಕುತ್ತಿದ್ದರು. ಸಿಕ್ಕಿತು. ಮಜೀದಸಾಬ, ಒಂದು ಜೂನ್ ಹತ್ತೊಂಬತ್ತು ನೂರಾ ಮೂವತ್ತು.

ನನ್ನ ಬೆರಳು ಗುಂಡಿಯ ಮೇಲಿತ್ತು. “ಚಾಚಾ, ಸೊನ್ನೆ ತೆಗೆದು ಮೂರು ಹಾಕ್ಲಿ ಏನ್ರಿ? ಒಂದೇ ಅಂಕಿ. ಯಾರಿಗೂ ತಿಳಿಯಂಗಿಲ್ಲ.” ಬಷೀರಾ ಗೋಡೆಯ ಕಡೆ ಮುಖ ತಿರುಗಿಸಿದಳು, ತಾನು ಏನೂ ಕೇಳಿಲ್ಲ ಎಂಬಂತೆ.

ಅವರು ನನ್ನ ಕೈ ಹಿಡಿದು ಮೆಲ್ಲಗೆ ಪಕ್ಕಕ್ಕಿಟ್ಟರು.

“ಅವಧಿ ಮುಗಿದ ಮಾಲು ಮದ್ದಿನ ಮನ್ಯಾಗ ಇಡಂಗಿಲ್ಲಪ್ಪಾ. ಅಪಾಯ ಅದ.”

೧೬ ಮೇ, ಸೋಮವಾರ

ಎಂಜಿನಿಯರ್ ಬಂದ, ಅಳಿಸಿಸಿದ, ತರಿಸಿದ, ತಲೆ ಅಲ್ಲಾಡಿಸಿದ, ಬಸವಂತರಾಯರ ಬೆನ್ನು ತಟ್ಟಿದ, ಹೋದ. ಎ.ಸಿ. ಉಳಿಯಿತು. ವಯಸ್ಸು ಕಡಿಮೆ ಬರೆಸಿದವರೆಲ್ಲ ನನ್ನನ್ನು ನೋಡಿ ಮುಖ ತಿರುಗಿಸುತ್ತಿದ್ದಾರೆ. ಮರೆಮ್ಮ ಮಾತ್ರ ನಕ್ಕಳು. “ಆರು ದಿನ ಸಣ್ಣಾಕಿ ಆಗಿದ್ದೆ ಯಪ್ಪಾ, ಸಾಕು” ಎಂದಳು.

೧೮ ಮೇ, ಬುಧವಾರ

ರಂಜಾನ್ ಹಬ್ಬ. ನಾನೂ ಮಾಣಿಕಮ್ಮನೂ ಚಾಚಾ ಅವರ ಮನೆಗೆ ಹೋಗಿದ್ದೆವು. ಸುಗರಾಬಿ ಚಾಚಿ ಎರಡು ಬಟ್ಟಲು ಹಾಲು-ಶಾವಿಗೆಯ ಸುರಕುಂಬಾ ಕುಡಿಸಿದರು. ನಿವೃತ್ತಿಯ ಪತ್ರ ನಿನ್ನೆ ಬಂದಿದೆಯಂತೆ. ಪ್ರಿಂಟು ತೆಗೆದವನು ನಾನೇ. ಮೂರನೆಯ ಬಟ್ಟಲು ಬೇಡ ಎನ್ನಲಾಗಲಿಲ್ಲ.

೩೧ ಮೇ, ಮಂಗಳವಾರ

ಹಾರ, ಶಾಲು, ಬಸವಂತರಾಯರ ಭಾಷಣ. ಚಾಚಾ ಕೀಲಿಯನ್ನು ದಶರಥನ ಕೈಗೆ ಕೊಟ್ಟರು. ಕೊಟ್ಟ ಮೇಲೂ ಕೈಯನ್ನು ಹಾಗೇ ಮುಚ್ಚಿಟ್ಟುಕೊಂಡಿದ್ದರು. ನನಗೆ ತಡೆಯಲಾಗಲಿಲ್ಲ. ಎಲ್ಲರ ಮುಂದೆ ಅತ್ತುಬಿಟ್ಟೆ, ಕೆಮ್ಮು ಎಂದು ಹೇಳಿದೆ.

೧೧ ಜೂನ್, ಶನಿವಾರ

ಕಾಪಿಯ ದಿನ. ಕಾಪಿ ತೆಗೆದಂದೇ ವಾಪಸು ತಂದು ನೋಡಬೇಕು, ನೋಡಿದ್ದಕ್ಕೆ ಹೊರಗಿನ ಒಬ್ಬ ಸಾಕ್ಷಿ ಇರಬೇಕು ಎಂದು ನಾನೇ ಒಂದು ಕಾಯ್ದೆ ಮಾಡಿದ್ದೇನೆ. ಸಾಕ್ಷಿ ಚಾಚಾ. ಬೂಟು ಹಾಕಿಕೊಂಡೇ ಬಂದು ಎ.ಸಿ.ಯ ಕೆಳಗಿನ ಕುರ್ಚಿಯಲ್ಲಿ ಕೂತರು. ಇಸಾಕ ಸ್ಟೂಲಿನ ಮೇಲಿದ್ದ. ‘ಪ್ರವೇಶವಿಲ್ಲ’ ಬೋರ್ಡನ್ನು ಯಾರು ತೆಗೆದರೋ, ಮೊಳೆ ಮಾತ್ರ ಉಳಿದಿದೆ. ಹುಡುಕಿಸಬೇಕೆಂದುಕೊಂಡೆ, ಮರೆತುಹೋಯಿತು.

ಹದಿನೆಂಟೂ ಫ್ಲಾಪಿ ಮುಗಿದವು.

“ಎಲ್ಲಾರೂ ಬಂದ್ರೇನು?” ಎಂದರು ಚಾಚಾ.

“ಎಲ್ಲಾರೂ ಬಂದ್ರು.”

ಎದ್ದು ಬಂದು ಪರದೆಯ ಮೇಲೆ ಬೆರಳಿಟ್ಟು ಹುಡುಕಿದರು. ಅವರ ಹೆಸರು ಅಲ್ಲಿರಲಿಲ್ಲ. ಜೂನ್ ಒಂದಕ್ಕೆ ನಾನೇ ತೆಗೆದಿದ್ದೆ, ತೆಗೆಯಲೇಬೇಕಿತ್ತು. ಬೆರಳು ಅದು ಇರಬೇಕಿದ್ದ ಜಾಗದಲ್ಲಿ ಒಂದು ಕ್ಷಣ ನಿಂತು ಕೆಳಗಿಳಿಯಿತು. “ಬರೋಬರಿ ಅದ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಆ ಫೆಬ್ರವರಿ ಡಬ್ಬ ಏನು ಮಾಡಿದಿ? ಅದರ ಅವಧಿ ಮುಗದದ, ಇಡಂಗಿಲ್ಲ.”

“ಕುಣಿ ತೋಡಿ ಸುಟ್ಟೀನಿ ಅಂತ ಬರದೀನಿ ಚಾಚಾ.”

ಅವರು ನನ್ನ ಮುಖ ನೋಡಿದರು. ಕುರ್ಚಿಗೆ ಹೋಗಿ, ಕಾಲು ಚಾಚಿ, ಕಣ್ಣು ಮುಚ್ಚಿ ಕೂತರು.

ಡಬ್ಬ ನಮ್ಮ ಮನೆಯ ಮೇಲಿನ ಗೂಡಿನಲ್ಲಿದೆ, ಮಡಿ ಬಟ್ಟೆಯಲ್ಲಿ, ಉಪ್ಪಿನಕಾಯಿಯ ಎರಡನೆಯ ಭರಣಿಯ ಪಕ್ಕದಲ್ಲಿ.